ನಾಝಲ್ ಎಷ್ಟು ಸಿಸಿ ಇರಬೇಕು

ಗೋವಿನಜೋಳದ ಸುಗ್ಗಿಯಲ್ಲಿ ರಾಣೆಬೆನ್ನೂರಿನ ಪಂಪು-ನಾಝಲ್ ಅಂಗಡಿಗಳಿಗೆ ಬಿಡುವೆಂಬುದಿಲ್ಲ. ಟ್ರ್ಯಾಕ್ಟರಿನಿಂದ ಬಿಚ್ಚಿ ತಂದ ಪಂಪುಗಳು ಬೆಂಚಿನ ಮೇಲೆ ಸಾಲಾಗಿ ಕೂತಿರುತ್ತವೆ. ಅಂಥ ಒಂದು ಅಂಗಡಿಯಲ್ಲಿ ಒಬ್ಬ ಮಾವ ಮತ್ತು ಒಬ್ಬ ಸೋದರಳಿಯನ ನಡುವೆ ನಡೆದ ವಾದ ಇದು. ಮಾವನದು ಡೀಸೆಲ್ ಕೈ, ಪಂಪು-ನಾಝಲ್ ರಿಪೇರಿಯಲ್ಲೇ ತಲೆ ನರೆತಿದೆ. ಅಳಿಯ ಡಿಪ್ಲೊಮಾ ಮುಗಿಸಿ, ಕುಪ್ಪೇಲೂರಿನ ಮನೆಯ ಹಿತ್ತಲಲ್ಲಿ ಹಳೆಯ ಮಾರುತಿ ಎಸ್ಟೀಮ್ ಒಂದರ ಇಂಜಿನ್ ಇಳಿಸಿಕೊಂಡು ಕೂತಿದ್ದಾನೆ. ಅದಕ್ಕೆ ಟರ್ಬೊ ಹಾಕಿ ರ‍್ಯಾಲಿಗೆ ಒಯ್ಯಬೇಕೆಂಬುದು ಅವನ ಹಂಬಲ. ಟರ್ಬೊ ಹೆಚ್ಚು ಗಾಳಿ ತುಂಬುತ್ತದೆ. ಆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಕೊಡಲು ಕಂಪನಿಯ ಇಂಜೆಕ್ಟರ್ ಸಾಲುವುದಿಲ್ಲ. ಹಾಗಾದರೆ ಎಷ್ಟು ದೊಡ್ಡದು ಬೇಕು? ಗ್ಯಾರೇಜುಗಳಲ್ಲಿ ಈ ಪ್ರಶ್ನೆ ಹೆಚ್ಚಾಗಿ ಬಾಯಿಂದ ಬಾಯಿಗೆ ಬಂದ ಒಂದು ಅಂಕಿಯಲ್ಲೇ ಮುಗಿದುಹೋಗುತ್ತದೆ, ಆಮೇಲೆ ಇಂಜಿನ್ನೂ ಮುಗಿಯುತ್ತದೆ. ಇಲ್ಲಿ ಹಾಗಾಗಲಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ಅಳಿಯ: ಮಾಮಾ, ನಿಮಿಷಕ್ಕ 550 ಸಿಸಿ ಬಿಡೂ ಇಂಜೆಕ್ಟರ್ ನಾಕು ತರಸಬೇಕಂತ ಮಾಡೀನಿ. ಬಂದ ಮ್ಯಾಲ ನಿಮ್ಮ ಮಷಿನ್ ಮ್ಯಾಲ ಒಮ್ಮೆ ನೋಡಿ ಕೊಡ್ತೀರೇನ್ರಿ?

ಮಾವ: ನೋಡಿ ಕೊಡೂದೇನ್ ದೊಡ್ಡ ಮಾತಲ್ಲ. 550 ಅಂತ ಯಾರ ಹೇಳಿದ್ರು?

ಅಳಿಯ: ಟರ್ಬೊ ಹಾಕಿಸಿದವ್ರು ಭಾಳ ಮಂದಿ ಅದನ್ನ ಹಾಕ್ತಾರ್ರಿ. ದೊಡ್ಡದಿದ್ರ ಮುಂದ ಎಷ್ಟ ಪವರ್ ಏರಿಸಿದ್ರೂ ಚಿಂತಿಲ್ಲ. ಬ್ಯಾಡಾದಾಗ ಇಂಜಿನ್ನಿನ ಕಂಪ್ಯೂಟರ್ ಇಸಿಯು ತಾನ ಕಮ್ಮಿ ಬಿಡ್ತೈತಿ.

ಮಾವ: ಮಂದಿ ಹಾಕ್ಯಾರಂತ ಹಾಕಬ್ಯಾಡ. ನೀ ಓದಿದವ ಅದಿ, ಲೆಕ್ಕ ಹಾಕು. ಕಂಪನಿಯಿಂದ ಬಂದಾಗ ಗಾಡಿಗೆ ಎಷ್ಟ ಎಚ್‌ಪಿ ಇತ್ತು?

ಅಳಿಯ: 1298 ಸಿಸಿ ಇಂಜಿನ್ನು, 6,000 ಆರ್‌ಪಿಎಂಗೆ 85 ಎಚ್‌ಪಿ.

ಮಾವ: ನಿನಗ ಎಷ್ಟ ಬೇಕಾಗೈತಿ?

ಅಳಿಯ: 140.

ಮಾವ: ಹಂಗಾದ್ರ ಬರಿ, ಆ ರಟ್ಟಿನ ಮ್ಯಾಲ. ಒಂದು ಎಚ್‌ಪಿಗೆ ತಾಸಿಗೆ ಎಷ್ಟ ಗ್ರಾಂ ಎಣ್ಣಿ?

ಅಳಿಯ: ಟರ್ಬೊ ಇಲ್ಲದ ಪೆಟ್ರೋಲ್ ಇಂಜಿನ್ನಿಗೆ ಸುಮಾರು 227 ಗ್ರಾಂ. ಟರ್ಬೊ ಇದ್ರ ಪಿಸ್ಟನ್ ತಂಪಿರಲಿ ಅಂತ ಎಣ್ಣಿ ಹೆಚ್ಚ ಮಾಡಿ ರಿಚ್ ಓಡಸ್ತೀವಿ, ಹಂಗಾಗಿ 270ರ ಆಜುಬಾಜು. 140ಕ್ಕ 38 ಕಿಲೋ ಆತು. ನಾಕು ಇಂಜೆಕ್ಟರಿಗೆ ಹಂಚಿದ್ರ ಒಂದಕ್ಕ ಒಂಬತ್ತೂವರಿ ಕಿಲೋ. ಪೆಟ್ರೋಲಿಂದು ಲೀಟರಿಗೆ ಮುಕ್ಕಾಲು ಕಿಲೋ ತೂಕ ಹಿಡಿದ್ರ, ಒಂದೊಂದು ನಿಮಿಷಕ್ಕ 212 ಸಿಸಿ ಬಿಡಬೇಕು.

ಮಾವ: ಅಷ್ಟ ಸಾಕೇನು?

ಅಳಿಯ: ಇಲ್ರಿ. ಇಂಜೆಕ್ಟರನ್ನ ಪೂರಾ ತೆರದು ಇಡಾಕ ಬರೂದಿಲ್ಲ, ಕಾಯ್ತೈತಿ, ಮುಚ್ಚಾಕ ಟೈಮ್ ಸಿಗೂದಿಲ್ಲ. 80 ಪರ್ಸೆಂಟ್ ಡ್ಯೂಟಿ ಸೈಕಲ್ ಅಂತ ಹಿಡಿತೀವಿ. 6,000 ಆರ್‌ಪಿಎಂದಾಗ ನಾಕು ಸ್ಟ್ರೋಕಿನ ಒಂದು ಸುತ್ತು ಮುಗಿಯಾಕ 20 ಮಿಲಿ ಸೆಕೆಂಡ್ ಸಿಗ್ತೈತಿ, ಅದರಾಗ 16ರಷ್ಟ ತೆರದಿರಬೇಕು. 212ನ್ನ 0.8ರಿಂದ ಭಾಗಿಸಿದ್ರ 265.

ಮಾವ: ಅಂದ್ರ 270. ನೀ ಹೇಳಿದ್ದು 550. ಅರ್ಧಕ್ಕರ್ಧ ಗಾಳ್ಯಾಗ ಹಾರಿಸಿದ್ದಿ.

ಅಳಿಯ: ಗಾಳ್ಯಾಗ ಅಲ್ರಿ ಮಾಮಾ, ಅದು ಮಾರ್ಜಿನ್. ಈ ಲೆಕ್ಕ ಖರೇ ಪೆಟ್ರೋಲಿಂದು. ಈಗ ಬಂಕಿನ್ಯಾಗ ಸಿಗೂದು ಇ20. 2023ರ ಫೆಬ್ರುವರಿಯೊಳಗ ಬೆಂಗಳೂರಾಗ ಅದನ್ನ ಶುರು ಮಾಡಿದ್ರು, ಈಗ ಎಲ್ಲಾ ಕಡೆ ಅದ. ಐದರಾಗ ಒಂದು ಪಾಲು ಎಥೆನಾಲ್. ಒಂದು ಕಿಲೋ ಪೆಟ್ರೋಲ್ ಸುಡಾಕ 14.7 ಕಿಲೋ ಗಾಳಿ ಬೇಕು, ಒಂದು ಕಿಲೋ ಎಥೆನಾಲಿಗೆ 9 ಕಿಲೋ ಸಾಕು. ಅಂದ್ರ ಅಷ್ಟ ಗಾಳಿಗೆ ಎಣ್ಣಿ ಹೆಚ್ಚ ಹಾಕಬೇಕು. ಇ20ಕ್ಕ ಏಳೆಂಟು ಪರ್ಸೆಂಟ್ ಜಾಸ್ತಿ. 265 ಹೋಗಿ 285 ಆತು.

ಮಾವ: ನಮ್ಮ ಹೊಲದಾಗಿನ ಗೋವಿನಜೋಳ ಹೋಗಿ ಎಥೆನಾಲ್ ಆಗಿ ಬಂದು ನಿನ್ನ ನಾಝಲ್ ದೊಡ್ಡದ ಮಾಡ್ತು ಅನ್ನು. ಒಪ್ಪಿದೆ. 285 ಅಂದ್ರ 310 ಹಾಕು, ಮಾರ್ಜಿನ್ ಅದರಾಗ ಬಂತು. ಹಂಗ ಓ-ರಿಂಗು, ರಬ್ಬರ್ ಪೈಪು ಎಲ್ಲಾ ಬದಲಿ ಮಾಡು, ಅಷ್ಟ ಹಳೇ ರಬ್ಬರ್ ಎಥೆನಾಲಿಗೆ ತಡಿಯೂದಿಲ್ಲ.

ಮಾವನ ಅಂಗಡಿಯಲ್ಲಿ ಪೆಟ್ರೋಲ್ ಇಂಜೆಕ್ಟರ್ ತೊಳೆಯುವ ಮಷಿನ್ ಒಂದಿದೆ. ಮೇಲೆ ನಾಲ್ಕು ಇಂಜೆಕ್ಟರ್ ಕೂರಿಸುವ ಪಟ್ಟಿ, ಕೆಳಗೆ ಗೆರೆ ಹಾಕಿದ ನಾಲ್ಕು ಗಾಜಿನ ನಳಿಗೆ. ಎಸ್ಟೀಮಿನ ಹಳೆಯ ಇಂಜೆಕ್ಟರುಗಳನ್ನು ಅಳಿಯ ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಮಾವ ಮಾತಿನ ನಡುವೆಯೇ ಅವನ್ನು ಕೂರಿಸಿ ಒತ್ತಡ ಏರಿಸಿ ಸ್ವಿಚ್ ಒತ್ತಿದರು. ಎರಡು ಇಂಜೆಕ್ಟರಿನಿಂದ ಸಿಂಬೆ ಬಿಚ್ಚಿದ ಹಾಗೆ ಹದವಾದ ಮಂಜು ಇಳಿಯಿತು. ಮೂರನೆಯದರದು ಒಂದು ಕಡೆಗೆ ವಾಲಿತ್ತು. ನಾಲ್ಕನೆಯದು ಸಿಂಪಡಿಸುವ ಬದಲು ಸೂಜಿಯಂಥ ಒಂದೇ ಗೆರೆ ಉಗುಳಿತು. ಸ್ವಿಚ್ ಆರಿಸಿದ ಮೇಲೂ ಅದರ ತುದಿಯಲ್ಲಿ ಒಂದು ಹನಿ ಕಟ್ಟಿ, ದಪ್ಪವಾಗಿ, ಬಿತ್ತು. ಮತ್ತೊಂದು ಕಟ್ಟತೊಡಗಿತು. ನಳಿಗೆಗಳಲ್ಲಿ ನಿಂತ ಮಟ್ಟವೂ ನಾಲ್ಕೂ ಬೇರೆ.

ಮಾವ: ಕಂಡ್ಯಾ? ಒಂದ ಕಂಪನಿ, ಒಂದ ಸೈಜು, ಒಂದ ಇಂಜಿನ್ನಿನವು. ಮೆಣಸಿನ ಗಿಡಕ್ಕ ಔಷಧ ಹೊಡಿಬೇಕಾದ್ರ ಟ್ಯಾಂಕಿನ್ಯಾಗ ಎಷ್ಟ ಐತಿ ಅನ್ನೂದಕ್ಕಿಂತ ಎಲಿ ಮ್ಯಾಲ ಹ್ಯಾಂಗ ಬೀಳ್ತೈತಿ ಅನ್ನೂದ ಮುಖ್ಯ. ಇಲ್ಲೂ ಹಂಗ. ನಿಂದು 16 ವಾಲ್ವಿನ ಹೆಡ್ಡು, ಸಿಲಿಂಡರಿಗೆ ಎರಡು ಇನ್‌ಟೇಕ್ ವಾಲ್ವ್. ಸ್ಪ್ರೇ ಎರಡು ಕವಲಾಗಿ ಎರಡೂ ವಾಲ್ವಿನ ಬೆನ್ನ ಮ್ಯಾಲ ಬೀಳಬೇಕು. ಒಂದ ಕವಲಿಂದು ಹಾಕಿದ್ರ ನಡುವಿನ ಗೋಡಿಗೆ ಹೊಡದು ಹಸಿ ಪೆಟ್ರೋಲ್ ಇಳಿತೈತಿ. ಸಿಸಿ ಸರಿ ಇದ್ರೂ ಇಂಜಿನ್ ಸರಿ ಓಡೂದಿಲ್ಲ.

ಅಳಿಯ: ಅದಕ್ಕ ಹೊಸಾವು ತೊಗೋಬೇಕು ಅನ್ನೂದು.

ಮಾವ: ಹೊಸಾವನ್ನೂ ಇದರ ಮ್ಯಾಲ ಹಾಕಿ ನೋಡಬೇಕು. ಪೆಟ್ಟಿಗಿ ಮ್ಯಾಲ 550 ಅಂತ ಬರದಿದ್ದು ಮಷಿನ್ನಿನ್ಯಾಗ 480 ಬಂದದ್ದು ನೋಡೀನಿ. ನಾಕರ ನಡುವ ಎರಡು-ಮೂರು ಪರ್ಸೆಂಟಿಗಿಂತ ಹೆಚ್ಚ ವ್ಯತ್ಯಾಸ ಇದ್ರ ನಾ ಅವನ್ನ ಹಾಕಂಗಿಲ್ಲ. ಇರ್ಲಿ. ನಿನ್ನ 550 ಸ್ಲೋದಾಗ ಏನ್ ಮಾಡ್ತೈತಿ, ಅದನ್ನ ಹೇಳು.

ಅಳಿಯ: ಇಂಜಿನ್ ಸ್ಲೋದಾಗ ತಾಸಿಗೆ ಸುಮಾರು 800 ಸಿಸಿ ಕುಡಿತೈತಿ ಅಂತ ಹಿಡಿರಿ. 800 ಆರ್‌ಪಿಎಂಗೆ ಒಂದೊಂದು ಇಂಜೆಕ್ಟರ್ ನಿಮಿಷಕ್ಕ 400 ಸಲ ಹೊಡಿತೈತಿ. ಒಂದು ಸಲಕ್ಕ... ಒಂದು ಸಿಸಿಯ ಸಾವಿರ ಭಾಗದಾಗ ಎಂಟು ಭಾಗ.

ಮಾವ: ಅಂದ್ರ ಒಂದು ಹನಿಯ ಆರರಾಗ ಒಂದು ಪಾಲು. ಅಷ್ಟು ಸಣ್ಣದನ್ನ ನಿನ್ನ 550 ಬಾಯಿಲೆ ಅಳೀಬೇಕು. ಎಷ್ಟ ಹೊತ್ತು ತೆರಿಬೇಕು?

ಅಳಿಯ: ಒಂದು ಮಿಲಿ ಸೆಕೆಂಡಿಗಿಂತ ಕಮ್ಮಿ. 310 ಆದ್ರ ಒಂದೂವರಿ ದಾಟ್ತೈತಿ.

ಮಾವ: ಕರೆಂಟ್ ಬಂದ ಮ್ಯಾಲ ಸೂಜಿ ಏಳಾಕ ಹೆಚ್ಚು-ಕಮ್ಮಿ ಒಂದು ಮಿಲಿ ಸೆಕೆಂಡ್ ಹಿಡಿತೈತಿ. ಆ ಹೊತ್ತಿನ್ಯಾಗ ಎಣ್ಣಿ ಬರೂದಿಲ್ಲ. ಅಂದ್ರ ಏಳಾಕ ಹತ್ತೂದ ಒಂದು, ಸುರಿಯೂದು ಒಂದಕ್ಕಿಂತ ಕಮ್ಮಿ. ಪೂರ್ತಿ ಎದ್ದು ನಿಂದರೂದರಾಗ ಮುಚ್ಚು ಅಂತ ಹುಕುಂ. ಒಮ್ಮೆ ಹೆಚ್ಚ, ಒಮ್ಮೆ ಕಮ್ಮಿ. ರಾತ್ರಿ ಹೆಡ್‌ಲೈಟು ಹಚ್ಚಿ, ರೇಡಿಯೇಟರ್ ಫ್ಯಾನ್ ತಿರುಗಿದ್ರ ವೋಲ್ಟೇಜ್ ಇಳಿತೈತಿ, ಸೂಜಿ ಇನ್ನೂ ತಡಾ ಏಳ್ತೈತಿ. ಗಾಡಿ ಸಿಗ್ನಲ್ಲಿನ್ಯಾಗ ನಿಂತು ಕೆಮ್ಮತೈತಿ. ಪೆಟ್ರೋಲ್ ವಾಸ್ನಿ ಹೊಡಿತೈತಿ. ಪ್ಲಗ್ಗು ಕರ‍್ರಗ ಆಗ್ತಾವ. ಸುಡದ ಪೆಟ್ರೋಲ್ ಸಿಲಿಂಡರಿನ ಗೋಡಿ ತೊಳಕೊಂಡು ಇಂಜಿನ್ ಆಯಿಲಿಗೆ ಇಳಿತೈತಿ. ಡಿಪ್‌ಸ್ಟಿಕ್ ಎಳದು ಮೂಸಿ ನೋಡಿದ್ರ ಗೊತ್ತಾಗ್ತೈತಿ.

ಅಳಿಯ: ನೀವು ಹೇಳೂದು ಹಳೇ ಇಂಜೆಕ್ಟರಿನ ಮಾತು. ಈಗಿನವು ಸಣ್ಣ ಪಲ್ಸಿಗೂ ಸಮಾ ಬಿಡ್ತಾವ. ಯಾವ ವೋಲ್ಟೇಜಿಗೆ ಎಷ್ಟ ತಡಾ ಅನ್ನೂದರ ಪಟ್ಟಿನ ಕಂಪನಿಯವ್ರು ಕೊಡ್ತಾರ. ಅದನ್ನ ಇಸಿಯುದಾಗ ತುಂಬಿದ್ರ ಅದು ತಾನ ಸರಿದೂಗಿಸ್ಕೋತೈತಿ. ಹಾಕೋ ಸೈಜಿನ ಮಿತಿ ಮೊದಲಿನಷ್ಟ ಬಿಗಿ ಇಲ್ಲ ಮಾಮಾ.

ಮಾವ: ಪಟ್ಟಿ ಬರೂದು ಖರೇ ಮಾಲಿಗೆ. ಅಗ್ಗದ ಮಾಲಿಗೆ ಸ್ಟಿಕರ್ ಅಷ್ಟ ಬರ್ತೈತಿ. ನಿನ್ನ ಇಸಿಯು ಒಂದೊಂದು ಸಿಲಿಂಡರಿಗೆ ಅದರದರ ಹೊತ್ತಿಗೆ ಹೊಡಿತೈತೋ, ಎಲ್ಲಾ ಕೂಡೇ ಹೊಡಿತೈತೋ?

ಅಳಿಯ: ಬ್ಯಾಚ್ ಫೈರ್ ರಿ. ನನ್ನ ರೊಕ್ಕಕ್ಕ ಬರೂದು ಅದ.

ಮಾವ: ಹಂಗಾದ್ರ ಒಂದು ಸುತ್ತಿಗೆ ಎರಡು ಸಲ ಹೊಡಿತೈತಿ. ಆರರಾಗ ಒಂದು ಹನಿ ಅಂದ್ವಲ್ಲ, ಅದು ಹನ್ನೆರಡರಾಗ ಒಂದು ಆತು. 550 ಮರತ ಬಿಡು.

ಇಲ್ಲಿ ಅಳಿಯ ಸ್ವಲ್ಪ ಹೊತ್ತು ಸುಮ್ಮನಾದ. ಆದರೆ ಸೋತು ಸುಮ್ಮನಾದದ್ದಲ್ಲ. ಅವನ ಮುಂದಿನ ಮಾತೇ ನನಗೆ ಈ ವಾದದ ತಿರುಳಾಗಿ ಕಂಡಿತು.

ಅಳಿಯ: ಮಾಮಾ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮಗ ಎಣ್ಣಿ ಹೆಚ್ಚಾದ್ರ ಯಾಕ ಅಷ್ಟ ಹೆದರಿಕಿ?

ಮಾವ: ಹೆಚ್ಚಾಗಿ ಕೆಟ್ಟದ್ದನ್ನ ನೋಡೀನಿ, ಅದಕ್ಕ. ಹೇರಿದ ಟ್ರೇಲರ್ ಏರಿಗೆ ಜಗ್ಗವಲ್ದು ಅಂತ ಬರ್ತಾರ. ಪಂಪಿಂದು ಸ್ಕ್ರೂ ಒಂದೀಟು ತಿರುವಿ ಎಣ್ಣಿ ಹೆಚ್ಚ ಮಾಡಿಕೊಡ್ರಿ ಅಂತಾರ. ಮಾಡಿದ್ರ ಮೊದಲ ದಿನ ಖುಷಿ, ಭರ‍್ರಂತ ಜಗ್ಗತೈತಿ. ಸೈಲೆನ್ಸರಿನ್ಯಾಗ ಕರಿ ಹೊಗಿ. ಆಮ್ಯಾಲ ಗಾಡಿ ಕಾಯಾಕ ಹತ್ತತೈತಿ. ಹೊರಗ ಹೋಗೂ ಹೊಗಿ ಎಷ್ಟ ಬಿಸಿ ಆಗ್ತೈತಿ ಅಂದ್ರ ಪಿಸ್ಟನ್ನಿನ ತಲಿ ಕರಗತೈತಿ. ಕಂಪನಿಯವ್ರು ಸೀಲ್ ಹಾಕಿ ಕಳಿಸಿದ್ದು ಸುಮ್ಮನ ಅಲ್ಲ.

ಅಳಿಯ: ಅದು ಡೀಸೆಲ್. ಡೀಸೆಲ್ ಇಂಜಿನ್ನಿಗೆ ಗಾಳಿ ತಡಿಯೂ ಥ್ರಾಟಲ್ ಇಲ್ಲ, ಯಾವಾಗಲೂ ಪೂರಾ ಗಾಳಿ ಎಳಕೋತೈತಿ. ಎಣ್ಣಿ ಹೆಚ್ಚಾದಷ್ಟೂ ಬೆಂಕಿ ಹೆಚ್ಚು. ಪೆಟ್ರೋಲಿಂದು ತದ್ವಿರುದ್ಧ. ಎಣ್ಣಿ ಹೆಚ್ಚಾದ್ರ ಅದು ಆವಿ ಆಗಿ ಒಳಗಿನ ಕಾವು ಎಳಕೋತೈತಿ, ಇಂಜಿನ್ ಮಂದ ಆಗ್ತೈತಿ, ಹೊಲಸಾಗ್ತೈತಿ, ಆದ್ರ ಉಳಿತೈತಿ. ಬೂಸ್ಟ್ ಏರಿದಾಗ ಎಣ್ಣಿ ಕಮ್ಮಿ ಬಿದ್ರ ಡಿಟೋನೇಶನ್. ಪ್ಲಗ್ಗು ಹಚ್ಚಿದ ಬೆಂಕಿ ಮುಟ್ಟೂದಕ್ಕಿಂತ ಮೊದಲ ಮೂಲ್ಯಾಗಿನ ಗಾಳಿ-ಎಣ್ಣಿ ತಾನ ಸಿಡಿತೈತಿ. ಪಿಸ್ಟನ್ನಿನ ರಿಂಗ್ ಲ್ಯಾಂಡ್ ಒಡೀತೈತಿ, ಹೆಡ್ ಗ್ಯಾಸ್ಕೆಟ್ ಹೋಗ್ತೈತಿ. ಐದಾರು ಸೆಕೆಂಡ್ ಸಾಕು. ನಿಮ್ಮ ಡೀಸೆಲ್ ಹೆಚ್ಚಾಗಿ ಸಾಯ್ತೈತಿ, ನನ್ನ ಪೆಟ್ರೋಲ್ ಕಮ್ಮಿ ಆಗಿ ಸಾಯ್ತೈತಿ. ನೀವು ಹೆದರೂ ದಿಕ್ಕು ಬ್ಯಾರೆ, ನಾ ಹೆದರೂ ದಿಕ್ಕು ಬ್ಯಾರೆ.

ಮಾವ: (ಸ್ವಲ್ಪ ತಡೆದು) ಹೂಂ. ಅದು ಖರೇ ಐತಿ. ಕೈ ಡೀಸೆಲಿಂದು, ಮನಸ್ಸೂ ಅದರದ.

ಈ ಭಾಗದ ಕೈಗಳೆಲ್ಲ ಬಹುಪಾಲು ಡೀಸೆಲಿನವೇ. ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ಕಟ್ಟಿ ಡೀಸೆಲ್ ಪಂಪು, ಸ್ಪಾರ್ಕ್ ಪ್ಲಗ್ಗು ಮಾಡಿದ ಮೈಕೋ ಕಂಪನಿ ಹುಟ್ಟಿದ್ದು 1951ರಲ್ಲಿ. 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು. ಆದರೂ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಹಳೆಯ ಮೆಕ್ಯಾನಿಕರ ಬಾಯಲ್ಲಿ ಅದು ಇಂದಿಗೂ ಮೈಕೋ ಪಂಪೇ. ನಾಝಲ್ ಎಂದರೆ ಇನ್ನೂರು ಬಾರ್ ಆಸುಪಾಸಿನ ಒತ್ತಡಕ್ಕೆ ಬಾಯಿ ತೆರೆದು ನೇರ ಬೆಂಕಿಯೊಳಕ್ಕೇ ಎಣ್ಣೆ ಚಿಮ್ಮುವ ವಸ್ತು ಎಂದು ಕಲಿತವರು ಇವರು. ಮೂರು ಬಾರ್ ಒತ್ತಡದಲ್ಲಿ, ಬೆಂಕಿಯಿಂದ ಆಚೆ, ಗಾಳಿಯ ಕೊಳವೆಯಲ್ಲಿ ಸಿಂಪಡಿಸುವ ಪೆಟ್ರೋಲ್ ಇಂಜೆಕ್ಟರ್ ಇವರ ಬೆಂಚಿಗೆ ಬಂದದ್ದು ತಡವಾಗಿ, ಎಂಪಿಎಫ್‌ಐ ಕಾರುಗಳ ಬೆನ್ನಿಗೆ. ಆ ಅನುಭವವನ್ನು ಹಳತೆಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಬೇಸರ. ಹೊಸ ಹುಡುಗರ ಲ್ಯಾಪ್‌ಟಾಪಿಗೆ ಕಾಣದ ಹನಿ ಈ ಕಣ್ಣಿಗೆ ಕಾಣುತ್ತದೆ. ಆದರೆ ಆ ಅನುಭವ ಯಾವ ಇಂಜಿನ್ನಿನಲ್ಲಿ ಬೆಳೆದದ್ದು ಎಂದು ಕೇಳುವ ಹಕ್ಕು ಅಳಿಯನಿಗಿದೆ. ಅವನು ಕೇಳಿದ, ಮಾವ ಒಪ್ಪಿದರು. ನಂತರ ಅವರು ಬೇರೊಂದು ಕಡೆಯಿಂದ ಹಿಡಿದರು.

ಮಾವ: ಕಮ್ಮಿ ಆಗಬಾರದು ಅಂತೀ. ಆದ್ರ ಕಮ್ಮಿ ಆಗೂದು ನಾಝಲ್ ಸಣ್ಣದಾಗಿನ ಅಂತ ಯಾಕ ತಿಳ್ಕೊಂಡಿ? ಪ್ರೆಶರ್ ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪು ಎಲ್ಲಿಗೆ ಜೋಡಿಸಿ?

ಅಳಿಯ: ಮ್ಯಾನಿಫೋಲ್ಡಿಗೆ ಜೋಡಸ್ತೀನಿ. ಈಗ ಬಿಚ್ಚಿ ಇಟ್ಟೀನಿ.

ಮಾವ: ಅದನ್ನ ಮರತು ಬಿಟ್ಟಿ ಅಂತ ತಿಳಿ. ಪೆಟ್ರೋಲ್ ರೈಲಿನ್ಯಾಗ ಮೂರು ಬಾರ್ ಐತಿ. ಟರ್ಬೊ ಅರ್ಧ ಬಾರ್ ಗಾಳಿ ತುಂಬಿತು. ಆ ಗಾಳಿ ಇಂಜೆಕ್ಟರಿನ ಬಾಯಿಗೆ ಎದುರು ಒತ್ತತೈತಿ. ಉಳದದ್ದು ಎರಡೂವರಿ. ಎಷ್ಟ ಕಮ್ಮಿ ಬಿತ್ತು?

ಅಳಿಯ: ಹರಿವು ಒತ್ತಡದ ವರ್ಗಮೂಲಕ್ಕ ತಕ್ಕಂಗ... ಒಂಬತ್ತು ಪರ್ಸೆಂಟ್ ಕಮ್ಮಿ.

ಮಾವ: ಬೂಸ್ಟ್ ಏರಿದಾಗ, ಭಾಳ ಬೇಕಾದ ಹೊತ್ತಿನ್ಯಾಗ, ಒಂಬತ್ತು ಪರ್ಸೆಂಟ್ ಮಾಯ. ಎಂಟಾಣೆದ ರಬ್ಬರ್ ಪೈಪಿನ ಸಲುವಾಗಿ. ಫಿಲ್ಟರ್ ಕಟ್ಟಿದ್ರೂ ಅಷ್ಟ, ಪಂಪ್ ಹಳೇದಾದ್ರೂ ಅಷ್ಟ. 550 ಹಾಕಿದವನ ಇಂಜಿನ್ನೂ ಹಿಂಗ ಹೋಗ್ತೈತಿ.

ಅಳಿಯ: ಅದನ್ನ ಒಪ್ತೀನಿ. ಈಗ ಅದ ವರ್ಗಮೂಲ ನಿಮ್ಮ ಕಡೆ ತಿರುಗಿಸ್ತೀನಿ. 270ರ ಹಾಕಿ ಪ್ರೆಶರ್ ಏರಿಸಿದ್ರಾತು ಅನ್ನವ್ರು ಅದಾರ. ಮೂರರಿಂದ ನಾಕು ಬಾರ್ ಮಾಡಿದ್ರ ಸಿಗೂದು 15 ಪರ್ಸೆಂಟ್ ಅಷ್ಟ. ಎರಡು ಪಟ್ಟು ಎಣ್ಣಿ ಬೇಕಂದ್ರ ನಾಕು ಪಟ್ಟು ಪ್ರೆಶರ್ ಬೇಕು. ಪ್ರೆಶರ್ ಏರಿದಂಗ ಪಂಪು ಕೊಡೂದ ಇಳಿತೈತಿ. ಸಣ್ಣದನ್ನ ಜಗ್ಗಿ ಜಗ್ಗಿ ದೊಡ್ಡದ ಮಾಡಾಕ ಬರೂದಿಲ್ಲ.

ಮಾವ: ಅದೂ ಖರೇ. ಪಂಪು ಎಷ್ಟ ಬೇಕು ನಿನಗ?

ಅಳಿಯ: 38 ಕಿಲೋ ಅಂದ್ರ ತಾಸಿಗೆ ಸುಮಾರು 51 ಲೀಟರ್. ಇ20 ಸೇರಿ 55. ಮಂದಿ 255 ಲೀಟರಿನ ಪಂಪ್ ಹಾಕ್ತಾರ, ಅದು ನಮಗ ಭಾಳ ಆತು.

ಮಾವ: ನೋಡು, ಪಂಪಿನ ಲೆಕ್ಕದಾಗ ನಿನಗ ಭಾಳ ಆತು ಅನಸ್ತೈತಿ, ನಾಝಲಿನ ಲೆಕ್ಕದಾಗ ಅನಸೂದಿಲ್ಲ.

ಅಳಿಯ: ಯಾಕಂದ್ರ ಪಂಪಿನ ಹೆಚ್ಚಿನ ಎಣ್ಣಿ ಟ್ಯಾಂಕಿಗೆ ವಾಪಸ್ ಹೋಗ್ತೈತಿ, ಅದರಿಂದ ತ್ರಾಸಿಲ್ಲ. ಇರ್ಲಿ, 550 ಬಿಟ್ಟೆ. 360 ಅಂತೀನಿ. ಪೂರಾ ಪವರಿನ್ಯಾಗ 360 ಓಡೂದು 64 ಪರ್ಸೆಂಟ್ ಡ್ಯೂಟಿ. ನಿಮ್ಮ 310 ಓಡೂದು 74. ಮುಂಜಾನಿ ಥಂಡ್ಯಾಗ ಇಂಜಿನ್ ಹೆಚ್ಚ ಕೇಳ್ತೈತಿ, ಬೂಸ್ಟ್ ಒಮ್ಮೊಮ್ಮೆ ಹಾಕಿದ್ದಕ್ಕಿಂತ ಮ್ಯಾಲ ಹಾರತೈತಿ, ವರ್ಷ ಎರಡು ವರ್ಷಕ್ಕ ಇಂಜೆಕ್ಟರ್ ಕಟ್ಟಿ ಹರಿವು ಇಳಿತೈತಿ. ಇದಕ್ಕೆಲ್ಲಾ ಜಾಗ ಬೇಕಲ್ರಿ?

ಮಾವ: ಥಂಡ್ಯಾಗ ಯಾರೂ ಪೂರಾ ಬೂಸ್ಟ್ ಕೊಡಂಗಿಲ್ಲ. ಬೂಸ್ಟ್ ಹಾರಿದ್ರ ವೇಸ್ಟ್‌ಗೇಟ್ ರಿಪೇರಿ ಮಾಡು, ನಾಝಲ್ ದೊಡ್ಡದ ಮಾಡಬ್ಯಾಡ. ಕಟ್ಟಿದ್ರ ನನ್ನ ಹತ್ರ ತಾ, ತೊಳದು ಕೊಡ್ತೀನಿ. ರ‍್ಯಾಲಿ ಎಲ್ಲಿ ಓಡಸೂದು?

ಅಳಿಯ: ಚಿಕ್ಕಮಗಳೂರು ಕಡೆ ಕಾಫಿ ಎಸ್ಟೇಟಿನ್ಯಾಗ ಸ್ಟೇಜ್ ಇರ್ತಾವ. ಮುಂದ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000ಕ್ಕೂ ಹೋಗಬೇಕಂತ ಆಸೆ ಐತಿ.

ಮಾವ: ನಮ್ಮ ಕಡೆ ಸಮುದ್ರದಿಂದ ಸುಮಾರು 600 ಮೀಟರ್ ಎತ್ತರ. ಚಿಕ್ಕಮಗಳೂರು ಸಾವಿರದ ಮ್ಯಾಲ. ಗಾಳಿ ಅಲ್ಲಿ ಇನ್ನೂ ತೆಳು. ಗಾಳಿ ಕಮ್ಮಿ ಅಂದ್ರ ಎಣ್ಣಿನೂ ಕಮ್ಮಿ ಬೇಕು. ನೀ ಓಡಸೂ ಜಾಗಕ್ಕ 310ನೂ ಹೆಚ್ಚ.

ಅಳಿಯ: ಘಟ್ಟ ಇಳದು ಮಂಗಳೂರಿಗೆ ಹೋದ್ರ? ಅಲ್ಲಿ ಗಾಳಿ ದಪ್ಪ. ಇಂಜಿನ್ ಒಂದ ಜಾಗಕ್ಕ ಕಟ್ಟೂದಲ್ಲ ಮಾಮಾ. ಇನ್ನೊಂದು ರೊಕ್ಕದ ಮಾತೈತಿ. ಇಂಜೆಕ್ಟರ್ ಬದಲಿ ಮಾಡಿದಾಗೊಮ್ಮೆ ಬೆಂಗಳೂರಿಗೆ ಗಾಡಿ ಹೊತ್ಕೊಂಡು ಹೋಗಿ, ಡೈನೋ ಮ್ಯಾಲ ನಿಂದರಿಸಿ, ಮ್ಯಾಪ್ ಹೊಸದಾಗಿ ಬರಿಸಬೇಕು. ಒಮ್ಮೆ ಹೋಗಿ ಬರೂ ಖರ್ಚಿನ್ಯಾಗ ಎರಡು ಸೆಟ್ ಇಂಜೆಕ್ಟರ್ ಬರ್ತಾವ. ಮುಂದ ಫೋರ್ಜ್ಡ್ ಪಿಸ್ಟನ್ ಹಾಕಿ 170ಕ್ಕ ಏರಿಸಿದ್ರ 360 ಅದಕ್ಕೂ ಹತ್ರತ್ರ ಸಾಕಾಗ್ತೈತಿ. 310 ಹಾಕಿದ್ರ ಆಗ ಮತ್ತ ಮೊದಲಿಂದ.

ಈ ಮಾತಿಗೆ ಮಾವನ ಬಳಿ ತಕ್ಷಣ ಉತ್ತರವಿರಲಿಲ್ಲ. ನನ್ನ ಬಳಿಯೂ ಇರಲಿಲ್ಲ. ದುಡಿಮೆಯ ದುಡ್ಡಿನಲ್ಲಿ ಗಾಡಿ ಕಟ್ಟುವ ಹುಡುಗನಿಗೆ ಮುನ್ನೂರು ಕಿಲೋಮೀಟರಿನ ಆ ಪಯಣ ಸಣ್ಣ ಲೆಕ್ಕವಲ್ಲ. ಹಳ್ಳಿಯಲ್ಲಿ ಕೂತು ಕಟ್ಟುವವರು ಒಂದು ಸೈಜು ದೊಡ್ಡದನ್ನು ಆರಿಸುವುದಕ್ಕೆ ಅಜ್ಞಾನವೊಂದೇ ಕಾರಣವಲ್ಲ, ದೂರವೂ ಕಾರಣ.

ಮಾವ: ಈಗಿನ ಪಿಸ್ಟನ್ನು, ಕನೆಕ್ಟಿಂಗ್ ರಾಡು ಯಾವುವು?

ಅಳಿಯ: ಕಂಪನಿವು.

ಮಾವ: ಹಂಗಾದ್ರ 170ರ ಮಾತು ಈಗ ಯಾಕ? ಎಣ್ಣಿ ಇದ್ದಲ್ಲಿ ಕಾಲು ಒತ್ತತೈತಿ. 360ರಾಗ ಇನ್ನೂ ಜಾಗ ಐತಿ ಅಂತ ಗೊತ್ತಾದ ದಿನ ನೀ ಬೂಸ್ಟ್ ಏರಸ್ತಿ. ಏರಸಂಗಿಲ್ಲ ಅಂತ ಆಣಿ ಮಾಡಿ ಹೇಳು ನೋಡೋಣ.

ಅಳಿಯ: ...ಆಣಿ ಮಾಡಂಗಿಲ್ಲ. ಆದ್ರ ವೈಡ್‌ಬ್ಯಾಂಡ್ ಲ್ಯಾಂಬ್ಡಾ ಮೀಟರ್ ಹಾಕ್ತೀನಿ. ಬೂಸ್ಟಿನ್ಯಾಗ 0.85ರ ಹತ್ರ ಇರಬೇಕು. ಎಣ್ಣಿ ಕಮ್ಮಿ ಆಗಿ ಅದು ಲೀನ್ ಕಡೆ ಸರದ್ರ ಇಸಿಯು ಬೂಸ್ಟ್ ಕಡೀಬೇಕು ಅಂತ ಹಾಕ್ತೀನಿ. ನನ್ನ ಕಾಲಿನ ಮ್ಯಾಲ ನಂಬಿಕಿ ಇಲ್ಲಾಂದ್ರ ಮೀಟರ್ ಮ್ಯಾಲ ಇಡ್ರಿ.

ಮಾವ: ಮೀಟರ್ ನಾಕೂ ಸಿಲಿಂಡರಿನ ಹೊಗಿ ಕೂಡಿಸಿ ಹೇಳ್ತೈತಿ. ಮೂರು ರಿಚ್ ಇದ್ದು ಒಂದು ಲೀನ್ ಇದ್ರ ಅದಕ್ಕ ಎಲ್ಲಾ ಸರಿ ಕಾಣ್ತೈತಿ. ಆ ನಾಕನೇದ್ದನ್ನ ಈಗ ನೋಡಿದೆಲ್ಲ? ಇನ್ನೊಂದು, ರೆಸಿಸ್ಟೆನ್ಸ್ ನೋಡಿ ತೊಗೊ. ಮೀಟರ್ ಹಿಡದ್ರ 12ರಿಂದ 16 ಓಮ್ ತೋರಸಬೇಕು. ಎರಡು-ಮೂರು ಓಮಿನವು ಅಗ್ಗಕ್ಕ ಸಿಗ್ತಾವ, ನೇರ ಜೋಡಿಸಿದ್ರ ಇಸಿಯುದ ಡ್ರೈವರ್ ಸುಡತೈತಿ.

ಅಳಿಯ: ಅದು ಗೊತ್ತೈತ್ರಿ.

ಮಾವ: ಗೊತ್ತಿದ್ರ ಛಲೋ. ರೋಡಿನ ಮ್ಯಾಲ ಓಡಸೂದೇನ್ ಇಲ್ಲಲ್ಲ? ಮೋಟಾರು ವಾಹನ ಕಾಯ್ದೆ 52ನೇ ಕಲಮು ಅಂತ ಆರ್‌ಟಿಒ ಸಾಹೇಬ್ರು ಹಿಡದ್ರ ಆರ್‌ಸಿ ಹೋಗ್ತೈತಿ. ಕಂಪನಿ ಕೊಟ್ಟದ್ದನ್ನ ಬದಲಿ ಮಾಡಂಗಿಲ್ಲ ಅಂತ 2019ರಾಗ ಸುಪ್ರೀಂ ಕೋರ್ಟೂ ಹೇಳೇತಿ.

ಅಳಿಯ: ರೋಡಿಗೆ ಇಳಸಂಗಿಲ್ರಿ. ಟ್ರಾಲಿ ಮ್ಯಾಲ ಹೇರಿ ಒಯ್ಯೂದು, ಸ್ಟೇಜಿನ್ಯಾಗ ಇಳಸೂದು.

ಮಾವ: ಯಾವ ಕ್ಲಾಸಿನ್ಯಾಗ?

ಅಳಿಯ: ಅದ ಒಂದು ಬಗಿಹರದಿಲ್ಲ. ಎಫ್‌ಐಎ ನಿಯಮದಾಗ ಪೆಟ್ರೋಲ್ ಟರ್ಬೊ ಇದ್ರ ಇಂಜಿನ್ನಿನ ಸಿಸಿನ 1.7ರಿಂದ ಗುಣಿಸ್ತಾರ. 1298 ಇದ್ದದ್ದು 2207 ಆಗ್ತೈತಿ. ಆ ಲೆಕ್ಕ ಹಿಡದ್ರ ಎರಡು ಲೀಟರ್ ಮೀರಿದ ಗಾಡಿಗೋಳ ಜೋಡಿ ನಿಂದರಬೇಕು.

ಮಾವ: 140 ಎಚ್‌ಪಿ ಹಿಡ್ಕೊಂಡು?

ಅಳಿಯ: ಹೌದ್ರಿ.

ಮಾವ: ಟರ್ಬೊ ಬಿಟ್ಟು ಹೆಡ್ ವರ್ಕು, ಕ್ಯಾಮು ಮಾಡಿಸಿ 100 ಎಚ್‌ಪಿಗೆ ನಿಲ್ಲಿಸಿದ್ರ?

ಅಳಿಯ: (ರಟ್ಟಿನ ಮೇಲೆ ಬರೆಯುತ್ತ) 100ಕ್ಕ 227 ಗ್ರಾಂ... ಒಂದಕ್ಕ 126... 80 ಪರ್ಸೆಂಟಿಗೆ 158. ಇ20 ಸೇರಿ 170. 1298 ಸಿಸಿಗೋಳ ಜೋಡಿನ ಓಡಬಹುದು.

ಮಾವ: 170ರದು ಸ್ಲೋದಾಗ ಹಾಲು ಕುಡದಂಗ ಓಡ್ತೈತಿ. ಬ್ಯಾಚ್ ಫೈರಾದ್ರೂ ಕೆಮ್ಮಂಗಿಲ್ಲ.

ಅಳಿಯ: ಓಡ್ತೈತಿ ಮಾಮಾ. ಆದ್ರ 1.3 ಲೀಟರ್ ಇಂಜಿನ್ನಿನಿಂದ ಟರ್ಬೊ ಇಲ್ದ 100 ತಗಿಬೇಕಂದ್ರ 6,000 ದಾಟಿ ತಿರುಗಿಸಬೇಕು. ಕಾಫಿ ಎಸ್ಟೇಟಿನ ತಿರುವಿನ್ಯಾಗ, ಸೆಕೆಂಡ್ ಗೇರಿನ್ಯಾಗ, 3,000ದಾಗ ಎಳಿಯೂದು ಬೇಕಾಗೂದು. ಅದನ್ನ ಟರ್ಬೊ ಕೊಡ್ತೈತಿ, ಕ್ಯಾಮ್ ಕೊಡೂದಿಲ್ಲ. ಕ್ಲಾಸಿನ ಸಲುವಾಗಿ ಇಂಜಿನ್ ಕಟ್ಟೂದೋ, ರಸ್ತೆಯ ಸಲುವಾಗಿ ಕಟ್ಟೂದೋ?

ಮಾವ: ಅದನ್ನ ನಾ ಹೇಳಾಕ ಬರೂದಿಲ್ಲ, ಓಡಸಾಂವ ನೀನು. ಟರ್ಬೊ ಅಂದಿ ಅಂದ್ರ ನಾ 310 ಅಂತೀನಿ, ನೀ 360 ಅಂತೀ. ಎರಡೂ ನಾಕು-ನಾಕು ತಾ. ಈ ಮಷಿನ್ನಿನ್ಯಾಗ ಪಲ್ಸ್ ಎರಡು ಮಿಲಿ ಸೆಕೆಂಡಿಗೆ ಇಳಿಸಿ, ಸಾವಿರ ಸಲ ಹೊಡಿಸಿ, ನಾಕೂ ನಳಿಗಿ ನೋಡೋಣ.

ಅಳಿಯ: ಅಲ್ಲಿ 360 ಸಮಾ ಬಂದ್ರ ಒಪ್ತೀರಾ?

ಮಾವ: ಬ್ಯಾಟರಿ 12 ವೋಲ್ಟಿಗೆ ಇಳಿಸಿ ಇನ್ನೊಮ್ಮೆ ಹೊಡಿಸ್ತೀನಿ. ಅಲ್ಲೂ ಸಮಾ ಬಂದ್ರ ಒಪ್ತೀನಿ. ಆದ್ರ ಅದಕ್ಕಿಂತ ಮೊದಲ ಆ ರೆಗ್ಯುಲೇಟರ್ ಬಿಚ್ಚಿ ಇಟ್ಟೀ ಅಂದೆಲ್ಲ, ಅದನ್ನ ನಾಳೆ ತೊಗೊಂಡ ಬಾ.